‘ಸೀನರಿ’ಯಿಂದ ನಿಸರ್ಗಚಿತ್ರಕ್ಕೆ: ಸಂಯೋಜನೆಯನ್ನು ಕಲಿಯುವ ಮತ್ತು ಕಲಿಸುವ ಬಗೆ

ಪ್ರಾಥಮಿಕ ಶಾಲೆಯ ಯಾವುದೇ ತರಗತಿಗೆ ಹೋಗಿ ‘ಒಂದು ಸೀನರಿ ಬಿಡಿಸಿ’ ಎಂದು ಹೇಳಿ ನೋಡಿ. ಹತ್ತು ನಿಮಿಷದಲ್ಲಿ ಹೆಚ್ಚಿನ ಹಾಳೆಗಳ ಮೇಲೆ ಒಂದೇ ಚಿತ್ರ ಮೂಡಿರುತ್ತದೆ. ಎರಡು ತ್ರಿಕೋನಾಕಾರದ ಬೆಟ್ಟ, ಅವುಗಳ ಸಂದಿಯಲ್ಲಿ ಅರ್ಧ ಸೂರ್ಯ, ಅಲ್ಲಿಂದ ಹಾವಿನಂತೆ ಇಳಿದು ಬರುವ ನದಿ, ಒಂದು ಬದಿಗೆ ಹೆಂಚಿನ ಮನೆ, ಇನ್ನೊಂದು ಬದಿಗೆ ಬಾಗಿದ ತೆಂಗಿನ ಮರ, ಮೇಲೆ ನಾಲ್ಕು ಹಕ್ಕಿ. ಸುತ್ತ ಹತ್ತು ಮೈಲಿ ಬೆಟ್ಟವೇ ಇಲ್ಲದ ಬಯಲುಸೀಮೆಯ ಮಗುವೂ ಇದನ್ನೇ ಬಿಡಿಸುತ್ತದೆ, ದಿನವೂ ಕಡಲು ನೋಡುವ ಕರಾವಳಿಯ ಮಗುವೂ ಇದನ್ನೇ ಬಿಡಿಸುತ್ತದೆ. ನಮ್ಮ ಪ್ರಶಿಕ್ಷಣಾರ್ಥಿಗಳಿಗೆ ಹೇಳಿದರೂ ಬರುವುದು ಇದೇ ಚಿತ್ರ.

ಶಿಕ್ಷಕರ ತರಬೇತಿ ಸಂಸ್ಥೆಯಲ್ಲಿ ಕಲಾ ಶಿಕ್ಷಣದ ವಿಷಯವನ್ನು ನೋಡಿಕೊಳ್ಳುವ ನನಗೆ ಇದರಲ್ಲಿ ಆಶ್ಚರ್ಯವಿಲ್ಲ. ನಮ್ಮಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಏಳನೆಯ ತರಗತಿಯ ನಂತರ ಚಿತ್ರ ಬಿಡಿಸಿದವರಲ್ಲ. ಆದರೆ ನಾಳೆ ಕೆಲಸಕ್ಕೆ ಸೇರಿದ ಮೇಲೆ, ಚಿತ್ರಕಲಾ ಶಿಕ್ಷಕರಿಲ್ಲದ ಶಾಲೆಯಲ್ಲಿ ಗಣಿತ ಕಲಿಸುವವರೇ ಚಿತ್ರವನ್ನೂ ಕಲಿಸಬೇಕಾಗುತ್ತದೆ. ಹೀಗೆ ಕಲಿಸುವವರೂ ಆರಂಭಿಕರು, ಕಲಿಯುವವರೂ ಆರಂಭಿಕರು. ಈ ಸ್ಥಿತಿಯಲ್ಲಿ ನಿಸರ್ಗಚಿತ್ರದ ಸಂಯೋಜನೆಯನ್ನು ಎಲ್ಲಿಂದ ಶುರುಮಾಡಬೇಕು, ಅದನ್ನು ಅಭ್ಯಾಸ ಪಾಠಕ್ಕೆ ಹೇಗೆ ಇಳಿಸಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಸಂಯೋಜನೆ ಎಂದರೇನು?

ಚಿತ್ರದ ಹಾಳೆಯೊಳಗೆ ಏನಿರಬೇಕು, ಏನಿರಬಾರದು, ಇರುವುದು ಎಲ್ಲಿ, ಎಷ್ಟು ದೊಡ್ಡದಾಗಿ ಇರಬೇಕು ಎಂದು ನಿರ್ಧರಿಸುವುದೇ ಸಂಯೋಜನೆ. ಭಾಷೆ ಕಲಿಸುವವರಿಗೆ ಇದು ಹೊಸ ವಿಷಯವಲ್ಲ. ‘ಅಜ್ಜಿ ಕೆರೆ ಏರಿಯ ಮೇಲೆ ಕೂತಿದ್ದಳು’ ಎಂಬ ವಾಕ್ಯವನ್ನೂ ‘ಕೆರೆ ಏರಿಯ ಮೇಲೆ ಕೂತಿದ್ದವಳು ಅಜ್ಜಿ’ ಎಂಬ ವಾಕ್ಯವನ್ನೂ ಓದಿ ನೋಡಿ. ವಿಷಯ ಒಂದೇ ಆದರೂ ಒತ್ತು ಬೀಳುವ ಜಾಗ ಬೇರೆ. ಚಿತ್ರದಲ್ಲಿ ಈ ಒತ್ತನ್ನು ಗಾತ್ರ, ಸ್ಥಾನ ಮತ್ತು ಬೆಳಕು-ನೆರಳು ಸೇರಿ ಕೊಡುತ್ತವೆ.

ಇದಕ್ಕೆ ಒಳ್ಳೆಯ ಉದಾಹರಣೆ ಜಪಾನಿನ ಹೊಕುಸಾಯ್. 1830ರ ದಶಕದ ಆರಂಭದಲ್ಲಿ ಪ್ರಕಟವಾದ ಅವನ ಮರದಚ್ಚಿನ ಚಿತ್ರಮಾಲೆಗೆ ‘ಫ್ಯೂಜಿ ಪರ್ವತದ ಮೂವತ್ತಾರು ನೋಟಗಳು’ ಎಂದು ಹೆಸರು. ಮುಂದೆ ಹತ್ತು ಸೇರಿ ಒಟ್ಟು 46 ಚಿತ್ರಗಳಾದವು. ಪರ್ವತ ಒಂದೇ, ನೋಟ ನಲವತ್ತಾರು. ಅವುಗಳಲ್ಲಿ ಬಹು ಪ್ರಸಿದ್ಧವಾದ ‘ದೊಡ್ಡ ಅಲೆ’ಯಲ್ಲಿ ಜಪಾನಿನ ಅತಿ ಎತ್ತರದ ಆ ಪರ್ವತ ಅಲೆಯ ಬಾಗಿನ ಕೆಳಗೆ ಹಿಡಿಯಷ್ಟು ಚಿಕ್ಕದಾಗಿ ಕಾಣುತ್ತದೆ. ಎದುರಿನ ದೃಶ್ಯ ತಾನಾಗಿ ಚಿತ್ರವಾಗುವುದಿಲ್ಲ, ನೋಡುವವನು ಆಯ್ದುಕೊಂಡಾಗ ಚಿತ್ರವಾಗುತ್ತದೆ ಎಂಬುದನ್ನು ವಿವರಿಸಲು ಈ ಒಂದು ಚಿತ್ರಮಾಲೆ ಸಾಕು.

ನಮ್ಮ ‘ಸೀನರಿ’ಯ ಕೊರತೆಯೂ ಇಲ್ಲಿಯೇ ಇದೆ. ಅದರಲ್ಲಿ ಗೆರೆ ಸರಿಯಾಗಿರಬಹುದು, ಬಣ್ಣ ಅಚ್ಚುಕಟ್ಟಾಗಿರಬಹುದು. ಆದರೆ ಅದರಲ್ಲಿ ಮಗು ತಾನಾಗಿ ಮಾಡಿದ ಒಂದು ಆಯ್ಕೆಯೂ ಇಲ್ಲ. ಆದ್ದರಿಂದ ಸಂಯೋಜನೆಯ ಪಾಠವನ್ನು ಕೈಯಿಂದಲ್ಲ, ಕಣ್ಣಿನಿಂದ ಶುರುಮಾಡಬೇಕು.

ಹೆಜ್ಜೆ 1: ಚೌಕಟ್ಟಿನಲ್ಲಿ ನೋಡುವುದು

ಹಳೆಯ ಮದುವೆ ಆಮಂತ್ರಣ ಪತ್ರಿಕೆಯ ದಪ್ಪ ಕಾಗದವನ್ನು ಕತ್ತರಿಸಿ ಮೂಲೆಮಟ್ಟದ ಆಕಾರದ ಎರಡು ತುಂಡು ಮಾಡಿಕೊಳ್ಳಬೇಕು. ಎರಡನ್ನೂ ಎದುರುಬದುರಾಗಿ ಜೋಡಿಸಿ ಹಿಡಿದರೆ ನಡುವೆ ಕಿಂಡಿಯಾಗುತ್ತದೆ. ಸರಿಸಿದರೆ ಕಿಂಡಿ ಅಗಲವಾಗುತ್ತದೆ, ಉದ್ದವಾಗುತ್ತದೆ, ಚೌಕವಾಗುತ್ತದೆ. ಒಂದು ಕಣ್ಣು ಮುಚ್ಚಿ ಈ ಕಿಂಡಿಯಲ್ಲಿ ಶಾಲೆಯ ಅಂಗಳವನ್ನು ನೋಡಬೇಕು. ಕಣ್ಣಿನ ಹತ್ತಿರ ಹಿಡಿದರೆ ಹೆಚ್ಚು ದೃಶ್ಯ ಒಳಗೆ ಬರುತ್ತದೆ, ಕೈ ಚಾಚಿ ಹಿಡಿದರೆ ಕಡಿಮೆ.

ಇದು ಮಕ್ಕಳಾಟದಂತೆ ಕಂಡರೂ ದೊಡ್ಡ ಕಲಾವಿದರು ಬಳಸಿದ ಸಾಧನವೇ. ವಿನ್ಸೆಂಟ್ ವಾನ್ ಗೋ 1882ರಲ್ಲಿ ಹೇಗ್ ನಗರದಲ್ಲಿದ್ದಾಗ ದಾರ ಕಟ್ಟಿದ ಚೌಕಟ್ಟೊಂದನ್ನು ಮಾಡಿಸಿಕೊಂಡು, ಕಡಲ ತೀರದಲ್ಲಿ ಮತ್ತು ಹೊಲಗಳಲ್ಲಿ ಅದನ್ನು ನೆಲಕ್ಕೆ ನೆಟ್ಟು, ಅದರ ಮೂಲಕ ನೋಡಿ ಬಿಡಿಸುತ್ತಿದ್ದ. ತಮ್ಮ ಥಿಯೋಗೆ ಬರೆದ ಪತ್ರಗಳಲ್ಲಿ ಅದನ್ನು ವರ್ಣಿಸಿದ್ದಾನೆ.

ಪ್ರಶಿಕ್ಷಣಾರ್ಥಿಗಳಿಗೆ ನಾನು ಕೊಡುವ ಮೊದಲ ಕೆಲಸ ಇಷ್ಟೇ. ಒಂದೇ ಜಾಗದಲ್ಲಿ ನಿಂತು, ಚೌಕಟ್ಟನ್ನು ಸರಿಸುತ್ತ, ಬೆಂಕಿಪೊಟ್ಟಣದಷ್ಟು ಚಿಕ್ಕ ಆರು ಕರಡುಗಳನ್ನು ಪೆನ್ಸಿಲಿನಲ್ಲಿ ಹಾಕಬೇಕು. ಒಂದೊಂದಕ್ಕೆ ಎರಡು ನಿಮಿಷ. ಎಲೆ, ಕಿಟಕಿ, ಹೆಂಚು ಯಾವುದನ್ನೂ ಬಿಡಿಸಬಾರದು. ದೊಡ್ಡ ಆಕಾರಗಳು ಮಾತ್ರ. ಚಿಕ್ಕ ಕರಡಿನಲ್ಲಿ ವಿವರಕ್ಕೆ ಜಾಗವೇ ಇಲ್ಲದ್ದರಿಂದ ಮನಸ್ಸು ತಾನಾಗಿ ಜೋಡಣೆಯ ಕಡೆ ಹೋಗುತ್ತದೆ. ‘ನನಗೆ ಡ್ರಾಯಿಂಗ್ ಬರಲ್ಲ ಸರ್’ ಎನ್ನುವವರ ಅಳುಕೂ ಇದರಿಂದ ಕಡಿಮೆಯಾಗುತ್ತದೆ.

ಹೆಜ್ಜೆ 2: ಕ್ಷಿತಿಜ ರೇಖೆಯನ್ನು ನಿರ್ಧರಿಸುವುದು

ಆಕಾಶ ಮತ್ತು ನೆಲ ಕೂಡುವ ಗೆರೆ ಹಾಳೆಯ ಎಲ್ಲಿ ಬರಬೇಕು? ಆರಂಭಿಕರು ಅದನ್ನು ಸಾಮಾನ್ಯವಾಗಿ ನಟ್ಟನಡುವೆ ಎಳೆಯುತ್ತಾರೆ. ಆಗ ಆಕಾಶಕ್ಕೂ ನೆಲಕ್ಕೂ ಸಮಪಾಲಾಗಿ, ಚಿತ್ರ ಯಾವುದರ ಬಗ್ಗೆ ಎಂಬುದು ತೀರ್ಮಾನವಾಗದೆ ಉಳಿಯುತ್ತದೆ. ಆಕಾಶದ ಬಗ್ಗೆ ಹೇಳಬೇಕಿದ್ದರೆ ಗೆರೆಯನ್ನು ಕೆಳಗಿಳಿಸಬೇಕು, ನೆಲದ ಬಗ್ಗೆ ಹೇಳಬೇಕಿದ್ದರೆ ಮೇಲಕ್ಕೇರಿಸಬೇಕು.

ಡಚ್ ಚಿತ್ರಕಾರ ಯಾಕೊಬ್ ವಾನ್ ರೌಸ್ಡಾಲ್ ಸುಮಾರು 1670–75ರಲ್ಲಿ ಬಿಡಿಸಿದ ಹಾರ್ಲೆಮ್ ನಗರದ ನೋಟವನ್ನು ಇಲ್ಲಿ ತೋರಿಸಬಹುದು. ಮುಂದಿನ ಬಯಲಿನಲ್ಲಿ ಜನ ನಾರುಬಟ್ಟೆಯ ಉದ್ದನೆಯ ಹಾಸುಗಳನ್ನು ಬಿಳುಪಾಗಲು ಬಿಸಿಲಿಗೆ ಹರಡಿದ್ದಾರೆ. ದೂರದಲ್ಲಿ ಚರ್ಚು, ಊರು. ಆದರೆ ಹಾಳೆಯ ಸುಮಾರು ಮೂರನೆಯ ಎರಡು ಪಾಲನ್ನು ಮೋಡ ತುಂಬಿದ ಆಕಾಶವೇ ಆವರಿಸಿದೆ. ಆ ಸಮತಟ್ಟು ನಾಡಿನಲ್ಲಿ ಮೋಡದ ನೆರಳು ಹೊಲದ ಮೇಲೆ ಹಾದುಹೋಗುವುದೇ ದೊಡ್ಡ ಘಟನೆ ಎಂಬುದು ಚಿತ್ರ ನೋಡಿದ ಕೂಡಲೇ ತಿಳಿಯುತ್ತದೆ.

ಕ್ಷಿತಿಜ ಯಾವಾಗಲೂ ನಮ್ಮ ಕಣ್ಣಿನ ಮಟ್ಟದಲ್ಲಿಯೇ ಇರುತ್ತದೆ ಎಂಬುದನ್ನು ಮಕ್ಕಳಿಗೆ ಮಾಡಿ ತೋರಿಸಬೇಕು. ಅಂಗಳದಲ್ಲಿ ಒಬ್ಬ ಹುಡುಗನನ್ನು ದೂರ ನಿಲ್ಲಿಸಿ, ಉಳಿದವರು ಕಣ್ಣಿನ ಮಟ್ಟಕ್ಕೆ ಸ್ಕೇಲನ್ನು ಅಡ್ಡ ಹಿಡಿಯಲಿ. ನಿಂತು ನೋಡಿದಾಗ ಸ್ಕೇಲು ಅವನ ಮುಖದ ಹತ್ತಿರ ಬರುತ್ತದೆ, ನೆಲದ ಮೇಲೆ ಕೂತು ನೋಡಿದಾಗ ಅವನ ಸೊಂಟದ ಕೆಳಗೆ ಹೋಗುತ್ತದೆ. ಕೂತು ನೋಡಿದರೆ ಲೋಕ ಎತ್ತರವಾಗಿ ಕಾಣುವುದು ಏಕೆಂದು ಇದರಿಂದ ಅವರಿಗೇ ಹೊಳೆಯುತ್ತದೆ.

ಹೆಜ್ಜೆ 3: ಮೂರು ನೆಲೆಗಳು

ಮುನ್ನೆಲೆ, ನಡುನೆಲೆ, ಹಿನ್ನೆಲೆ ಎಂಬ ಮೂರು ಪದರುಗಳಿದ್ದರೆ ಚಪ್ಪಟೆ ಹಾಳೆಯ ಮೇಲೆ ಆಳ ಹುಟ್ಟುತ್ತದೆ. ಸೀನರಿಯಲ್ಲಿ ಮನೆ, ಮರ, ಬೆಟ್ಟ ಎಲ್ಲವೂ ಒಂದರ ಪಕ್ಕ ಒಂದು, ಸಾಲಾಗಿ ಫೋಟೋಗೆ ನಿಂತಂತೆ ಇರುತ್ತವೆ. ಯಾವುದೂ ಇನ್ನೊಂದನ್ನು ಮರೆಮಾಡುವುದಿಲ್ಲ. ನಿಜದಲ್ಲಿ ಹತ್ತಿರದ್ದು ದೂರದ್ದನ್ನು ಮರೆಮಾಡುತ್ತದೆ. ಕಾಂಪೌಂಡಿನ ಗೋಡೆ ಹುಣಸೆ ಮರದ ಬುಡವನ್ನು ಮರೆಮಾಡಿದರೆ, ಮರವು ಹಿಂದಿನ ದೇವಸ್ಥಾನದ ಅರ್ಧವನ್ನು ಮರೆಮಾಡುತ್ತದೆ. ‘ಯಾವುದು ಯಾವುದನ್ನು ಮುಚ್ಚಿದೆ?’ ಎಂಬ ಒಂದು ಪ್ರಶ್ನೆಯಿಂದಲೇ ನಾಲ್ಕನೆಯ ತರಗತಿಯ ಮಗುವಿಗೂ ಆಳದ ಕಲ್ಪನೆ ಮೂಡುತ್ತದೆ.

ಆಳದ ಬಗ್ಗೆ ಯೋಚಿಸುವ ಬಗೆ ಒಂದೇ ಅಲ್ಲ. ಹನ್ನೊಂದನೆಯ ಶತಮಾನದ ಚೀನೀ ಚಿತ್ರಕಾರ ಗುವೋ ಷಿ ಮೂರು ಬಗೆಯ ದೂರವನ್ನು ಗುರುತಿಸಿದ: ಬೆಟ್ಟದ ಬುಡದಿಂದ ತುದಿಯನ್ನು ನೋಡುವ ಎತ್ತರದ ದೂರ, ಮುಂದಿನಿಂದ ಬೆಟ್ಟದ ಹಿಂದಕ್ಕೆ ಇಣುಕುವ ಆಳದ ದೂರ, ಹತ್ತಿರದ ಬೆಟ್ಟದಿಂದ ದೂರದ ಬೆಟ್ಟದತ್ತ ನೋಟ ಹಾಯಿಸುವ ಸಮತಲದ ದೂರ. ಊರಿನಲ್ಲಿ ಒಂದು ಗುಡ್ಡವಿದ್ದರೆ ಈ ಮೂರನ್ನೂ ಒಂದೇ ದಿನ ನಡೆದು ಅನುಭವಿಸಬಹುದು.

ಹೆಜ್ಜೆ 4: ಮುಖ್ಯವಾದದ್ದನ್ನು ಇಡುವ ಜಾಗ

ಪ್ರತಿ ಚಿತ್ರದಲ್ಲಿ ಕಣ್ಣು ಮೊದಲು ನಿಲ್ಲುವ ಒಂದು ಜಾಗ ಬೇಕು. ಹಾಳೆಯನ್ನು ಅಡ್ಡಕ್ಕೂ ಉದ್ದಕ್ಕೂ ಮೂರು ಮೂರು ಸಮಭಾಗ ಮಾಡಿ, ಗೆರೆಗಳು ಕೂಡುವ ನಾಲ್ಕು ಬಿಂದುಗಳಲ್ಲಿ ಒಂದರ ಹತ್ತಿರ ಮುಖ್ಯ ವಸ್ತುವನ್ನು ಇಡುವುದು ಆರಂಭಿಕರಿಗೆ ಅನುಕೂಲ. ಈ ‘ಮೂರನೆಯ ಭಾಗದ ನಿಯಮ’ಕ್ಕೆ ಹೆಸರು ಕೊಟ್ಟವನು ಇಂಗ್ಲೆಂಡಿನ ಜಾನ್ ಥಾಮಸ್ ಸ್ಮಿತ್, 1797ರ ತನ್ನ ಪುಸ್ತಕದಲ್ಲಿ. ಅದಕ್ಕಿಂತ ನೂರು ವರ್ಷ ಮೊದಲೇ, 1689ರಲ್ಲಿ, ಮೈಂಡರ್ಟ್ ಹೊಬ್ಬೆಮಾ ಬಿಡಿಸಿದ ‘ಮಿಡ್ಡೆಲ್‌ಹಾರ್ನಿಸ್‌ನ ಸಾಲುಮರದ ದಾರಿ’ ಈ ನಿಯಮಕ್ಕೆ ಒಳಪಡುವುದಿಲ್ಲ. ದಾರಿ ಹಾಳೆಯ ನಡುವೆಯೇ ನೇರವಾಗಿ ದೂರಕ್ಕೆ ಹೋಗುತ್ತದೆ, ಎರಡೂ ಬದಿ ಎತ್ತರದ ಮರಗಳು. ಆದರೂ ಅದು ಜಗತ್ತಿನ ಮೆಚ್ಚಿನ ನಿಸರ್ಗಚಿತ್ರಗಳಲ್ಲಿ ಒಂದು. ಆದ್ದರಿಂದ ನಿಯಮವನ್ನು ಊರುಗೋಲಿನಂತೆ ಕೊಡಬೇಕು, ನಡೆಯಲು ಬಂದ ಮೇಲೆ ಬಿಡಿಸಬೇಕು. ‘ನಡುವೆ ಇಡಬಾರದು’ ಎನ್ನುವ ಬದಲು ‘ನಡುವೆ ಏಕೆ ಇಟ್ಟೆ?’ ಎಂದು ಕೇಳುವುದು ಮೇಲು.

ನಮ್ಮ ನಾಡಿನ ಉದಾಹರಣೆ ಬೇಕಾದರೆ ರುಮಾಲೆ ಚನ್ನಬಸವಯ್ಯನವರ (1910–1988) ಚಿತ್ರಗಳಿವೆ. ಬೆಂಗಳೂರಿನ ಹೂಬಿಟ್ಟ ಮರಗಳನ್ನು ಅವರು ಮತ್ತೆ ಮತ್ತೆ ಬಿಡಿಸಿದರು. ಅಲ್ಲಿ ಮರ ದೃಶ್ಯಕ್ಕೆ ಅಲಂಕಾರವಾಗಿ ಬದಿಗೆ ನಿಂತಿರುವುದಿಲ್ಲ, ಮರವೇ ವಿಷಯ.

ಹೆಜ್ಜೆ 5: ಮೂರು ಛಾಯೆಗಳಲ್ಲಿ ಯೋಚಿಸುವುದು

ಬಣ್ಣಕ್ಕೆ ಕೈ ಹಾಕುವ ಮೊದಲು ಕರಡನ್ನು ಕಪ್ಪು, ಬೂದು, ಬಿಳಿ ಎಂಬ ಮೂರು ಛಾಯೆಗಳಲ್ಲಿ ತುಂಬಬೇಕು. ಕಣ್ಣನ್ನು ಅರ್ಧ ಮುಚ್ಚಿ ನೋಡಿದರೆ ವಿವರಗಳು ಮಸುಕಾಗಿ ಕತ್ತಲೆ-ಬೆಳಕಿನ ದೊಡ್ಡ ತುಂಡುಗಳಷ್ಟೇ ಉಳಿಯುತ್ತವೆ. ದೂರದ ಬೆಟ್ಟ ಮಸುಕು, ಹತ್ತಿರದ ಬಂಡೆ ಗಾಢ. ಗಾಳಿಯಲ್ಲಿರುವ ತೇವ ಮತ್ತು ದೂಳು ದೂರದ್ದನ್ನು ತಿಳಿಯಾಗಿಸುತ್ತವೆ ಎಂಬ ವಿಜ್ಞಾನದ ಮಾತನ್ನು ಇಲ್ಲಿಯೇ ಜೋಡಿಸಬಹುದು. ಅಬನೀಂದ್ರನಾಥ ಠಾಕೂರರ ಶಿಷ್ಯರಾಗಿದ್ದ ಮೈಸೂರಿನ ಕೆ. ವೆಂಕಟಪ್ಪನವರು ಊಟಿಯ ಬೆಟ್ಟ, ಮಂಜು, ಮೋಡಗಳನ್ನು ಜಲವರ್ಣದಲ್ಲಿ ಬಿಡಿಸಿದ್ದಾರೆ. ಬೆಂಗಳೂರಿನಲ್ಲಿ ಅವರ ಹೆಸರಿನ ಕಲಾ ಗ್ಯಾಲರಿಯೇ ಇದೆ. ಶೈಕ್ಷಣಿಕ ಪ್ರವಾಸದ ಪಟ್ಟಿಯಲ್ಲಿ ಅದಕ್ಕೂ ಜಾಗವಿರಲಿ.

ಹೆಜ್ಜೆ 6: ಬಿಡುವುದನ್ನು ಕಲಿಯುವುದು

ಎದುರಿಗಿರುವ ವಿದ್ಯುತ್ ಕಂಬ, ನಿಂತ ಬೈಕು, ಫ್ಲೆಕ್ಸ್ ಬ್ಯಾನರು ಎಲ್ಲವೂ ಹಾಳೆಗೆ ಬರಬೇಕೆಂದಿಲ್ಲ, ಬರಬಾರದೆಂದೂ ಇಲ್ಲ. ಚಿತ್ರ ಹೇಳುವ ಮಾತಿಗೆ ಅದು ಬೇಕೋ ಬೇಡವೋ ಎಂಬುದೇ ಅಳತೆ. ಪ್ರಶಿಕ್ಷಣಾರ್ಥಿಗಳಿಗೆ ನಾನು ಒಂದು ಅಭ್ಯಾಸ ಕೊಡುತ್ತೇನೆ: ಕರಡಿನಲ್ಲಿರುವ ವಸ್ತುಗಳನ್ನು ಪಟ್ಟಿ ಮಾಡಿ, ಒಂದೊಂದನ್ನೇ ಬೆರಳಿನಿಂದ ಮುಚ್ಚಿ ನೋಡಬೇಕು. ಮುಚ್ಚಿದರೂ ಚಿತ್ರಕ್ಕೆ ನಷ್ಟವಾಗದಿದ್ದರೆ ಅದನ್ನು ಬಿಡಬಹುದು.

ಒಂದು ಅಭ್ಯಾಸ ಪಾಠದಲ್ಲಿ ಕಂಡದ್ದು

ಈ ಹೆಜ್ಜೆಗಳು ತರಗತಿಯಲ್ಲಿ ಎಲ್ಲಿ ಪರೀಕ್ಷೆಗೆ ಒಳಗಾಗುತ್ತವೆ ಎಂಬುದಕ್ಕೆ ನಾನು ವೀಕ್ಷಿಸಿದ ಒಂದು ಪಾಠವನ್ನು ಹೇಳುತ್ತೇನೆ. ಏಳನೆಯ ತರಗತಿ, ಶಾಲೆಯ ಹಿಂದೆಯೇ ಕೆರೆ. ‘ನಮ್ಮೂರ ಕೆರೆ’ ಎಂಬುದು ವಿಷಯ. ಪ್ರಶಿಕ್ಷಣಾರ್ಥಿ ಚೌಕಟ್ಟು, ಕರಡು ಎಲ್ಲವನ್ನೂ ಸೊಗಸಾಗಿ ಮಾಡಿಸಿದ್ದರು. ಒಬ್ಬ ಹುಡುಗಿಯ ಹಾಳೆಯಲ್ಲಿ ಮಾತ್ರ ಕೆಳಗಿನ ಅರ್ಧವನ್ನು ಬಟ್ಟೆ ಒಗೆಯುವ ಒಂದು ಕಲ್ಲೇ ತುಂಬಿತ್ತು. ಅದರಾಚೆ ನೀರು. ಹಾಳೆಯ ತೀರಾ ಮೇಲಂಚಿನಲ್ಲಿ ಏರಿಯ ತೆಳುವಾದ ಪಟ್ಟಿ. ಆಕಾಶವಿರಲಿಲ್ಲ.

‘ಆಕಾಶವೇ ಇಲ್ಲವಲ್ಲಮ್ಮ, ಮೇಲೆ ಸ್ವಲ್ಪ ಜಾಗ ಮಾಡಿ ಸೂರ್ಯ ಹಾಕು’ ಎಂದರು ಪ್ರಶಿಕ್ಷಣಾರ್ಥಿ.

‘ಬಟ್ಟೆ ಒಗೆಯೋವಾಗ ಆಕಾಶ ಕಾಣಲ್ಲ ಮಿಸ್’ ಎಂದಳು ಹುಡುಗಿ. ಆದರೂ ರಬ್ಬರು ಕೈಗೆತ್ತಿಕೊಂಡಳು. ಅಷ್ಟರಲ್ಲಿ ಗಂಟೆ ಹೊಡೆಯಿತು.

ಪಾಠದ ನಂತರದ ಚರ್ಚೆಯಲ್ಲಿ ಪ್ರಶಿಕ್ಷಣಾರ್ಥಿ ಹೇಳಿದ ಕಾರಣವನ್ನು ಹಗುರವಾಗಿ ನೋಡುವಂತಿಲ್ಲ. ‘ಸರ್, ನಾನು ಒಪ್ಪಬಹುದು. ನಾಳೆ ಸ್ಪರ್ಧೆಯಲ್ಲಿ ನೋಡುವವರು ಅಪೂರ್ಣ ಎಂದು ಬದಿಗಿಡುತ್ತಾರೆ. ಮಗುವಿಗೆ ನಷ್ಟವಾಗಬಾರದಲ್ಲ?’ ಸಹಪಾಠಿಗಳಲ್ಲಿ ಹಲವರು ಅವರ ಪರವಾಗಿದ್ದರು. ಆಗ ನಾವು ಆ ಹಾಳೆಯನ್ನು ಹೆಜ್ಜೆ ಹೆಜ್ಜೆಯಾಗಿ ಪರೀಕ್ಷಿಸಿದೆವು. ಕ್ಷಿತಿಜ ಎಲ್ಲಿದೆ? ಹಾಳೆಯಿಂದ ಆಚೆ, ಏಕೆಂದರೆ ನೋಡುವವಳು ಬಗ್ಗಿದ್ದಾಳೆ. ಮೂರು ನೆಲೆ ಇವೆಯೇ? ಕಲ್ಲು, ನೀರು, ಏರಿ, ಇವೆ. ಕಣ್ಣು ಮೊದಲು ಎಲ್ಲಿ ನಿಲ್ಲುತ್ತದೆ? ಕಲ್ಲಿನ ಮೇಲೆ. ಸೂರ್ಯ ಹಾಕಿದರೆ ಏನಾಗುತ್ತದೆ? ನೋಡುವವಳು ತಲೆ ಎತ್ತಿ ನಿಂತಂತಾಗುತ್ತದೆ, ಚಿತ್ರ ಬೇರೆ ಯಾರದೋ ಆಗುತ್ತದೆ. ರೌಸ್ಡಾಲ್‌ನ ಚಿತ್ರವನ್ನೂ ಪಕ್ಕಕ್ಕಿಟ್ಟು ನೋಡಿದೆವು. ಎರಡರಲ್ಲೂ ಬಟ್ಟೆಯ ಕೆಲಸವಿದೆ. ದೂರದ ದಿಬ್ಬದ ಮೇಲಿಂದ ನೋಡಿದವನಿಗೆ ಆಕಾಶವೇ ಹೆಚ್ಚು ಕಂಡಿತು, ಕಲ್ಲಿನ ಮುಂದೆ ಬಗ್ಗಿದವಳಿಗೆ ಅದು ಕಾಣಲೇ ಇಲ್ಲ. ಎರಡೂ ನಿಜ.

ಮುಂದಿನ ಪಾಠದಲ್ಲಿ ಪ್ರಶಿಕ್ಷಣಾರ್ಥಿ ಅದೇ ಹುಡುಗಿಯನ್ನು ಮುಂದೆ ಕರೆದು, ಕೆರೆಯನ್ನು ಎಲ್ಲಿ ನಿಂತು ನೋಡಿದೆ ಎಂದು ಹೇಳಿಸಿದರು. ಬಳಿಕ ತರಗತಿಗೆ ಒಂದೇ ಪ್ರಶ್ನೆ ಹಾಕಿದರು: ‘ನೀವು ಕೆರೆ ಹತ್ತಿರ ಏನು ಮಾಡುವಾಗ ನೋಡಿದ್ದು ಇದು?’ ಎಲ್ಲರ ಹಾಳೆಗಳೂ ಬದಲಾದವು ಎಂದು ಹೇಳಲಾರೆ. ಹಲವರು ಮತ್ತೆ ಬೆಟ್ಟ-ಸೂರ್ಯಕ್ಕೇ ಹೋದರು. ಆದರೆ ಎಮ್ಮೆ ಮೈತೊಳೆಯುವ ಹುಡುಗನೊಬ್ಬ ಎಮ್ಮೆಯ ಬೆನ್ನಿನ ಮೇಲಿಂದ ಕಾಣುವ ನೀರನ್ನು ಬಿಡಿಸಿದ. ಇನ್ನೊಬ್ಬಳು ಏರಿಯ ಮೇಲಿನ ಬಸ್ಸಿನ ಕಿಟಕಿಯನ್ನೇ ಚೌಕಟ್ಟು ಮಾಡಿಕೊಂಡಳು.

40 ನಿಮಿಷದ ಪಾಠ ಮತ್ತು ಮೌಲ್ಯಮಾಪನ

ಆರು ಹೆಜ್ಜೆಗಳನ್ನು ಒಂದೇ ಅವಧಿಗೆ ತುರುಕಬಾರದು. ಒಂದು ಅವಧಿಗೆ ಒಂದು ಹೆಜ್ಜೆ ಸಾಕು. ಪಂಚ ಹಂತಗಳ ಪಾಠ ಯೋಜನೆಗೆ ಇದು ಸುಲಭವಾಗಿ ಹೊಂದುತ್ತದೆ. ತೊಡಗಿಸಿಕೊಳ್ಳಲು 5 ನಿಮಿಷ ಎರಡು ಚಿತ್ರಗಳ ಹೋಲಿಕೆ. ಅನ್ವೇಷಣೆಗೆ 10 ನಿಮಿಷ ಅಂಗಳದಲ್ಲಿ ಚೌಕಟ್ಟಿನೊಂದಿಗೆ. ವಿವರಣೆಗೆ 5 ನಿಮಿಷ ಕಪ್ಪು ಹಲಗೆಯ ಮೇಲೆ. ವಿಸ್ತರಣೆಗೆ 15 ನಿಮಿಷ ಕರಡುಗಳು. ಕೊನೆಯ 5 ನಿಮಿಷ ಗೋಡೆಗೆ ಅಂಟಿಸಿ ಮಾತು. ಹೊರಗೆ ಕರೆದೊಯ್ಯಲು ಆಗದಿದ್ದರೆ ಕೊಠಡಿಯ ಕಿಟಕಿಯೇ ಚೌಕಟ್ಟು. ಐವತ್ತು ಮಕ್ಕಳಿದ್ದರೆ ಜೋಡಿಗೊಂದು ಚೌಕಟ್ಟು ಸಾಕು. ಬಣ್ಣವಿಲ್ಲದಿದ್ದರೆ ಪೆನ್ಸಿಲ್ ಅಥವಾ ಇದ್ದಿಲು. ಸಂಯೋಜನೆ ಕಲಿಯಲು ಬಣ್ಣ ಅನಿವಾರ್ಯವಲ್ಲ.

ಅಂಕ ಕೊಡುವ ರೀತಿ ಬದಲಾಗದಿದ್ದರೆ ಇದೆಲ್ಲ ವ್ಯರ್ಥ. ಅಚ್ಚುಕಟ್ಟಿಗೇ ಅಂಕವೆಂದರೆ ಮಗು ಸುರಕ್ಷಿತವಾದ ಸೀನರಿಗೇ ಮರಳುತ್ತದೆ. ನಾವು 10 ಅಂಕಗಳನ್ನು ಹೀಗೆ ಹಂಚುತ್ತೇವೆ: ನೋಟದ ಆಯ್ಕೆಗೆ 3, ನೆಲೆಗಳ ಜೋಡಣೆಗೆ 2, ಛಾಯೆಗಳಿಗೆ 2, ತನ್ನ ಆಯ್ಕೆಗೆ ಕಾರಣ ಹೇಳುವುದಕ್ಕೆ 2, ಅಚ್ಚುಕಟ್ಟಿಗೆ 1. ಕಾರಣ ಹೇಳುವುದು ಮುಖ್ಯ. ಗೆರೆ ಚೆನ್ನಾಗಿ ಬರದ ಮಗುವೂ ‘ಇಲ್ಲಿ ಕೂತರೆ ಇಷ್ಟೇ ಕಾಣೋದು’ ಎಂದು ಹೇಳಬಲ್ಲದು, ಆ ಮಾತಿಗೆ ಬೆಲೆಯಿರಬೇಕು.

ಅಭ್ಯಾಸ ಪಾಠಕ್ಕೆ ಹೊರಡುವ ಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ ಇಷ್ಟು. ತರಗತಿಗೆ ಹೋಗುವ ಮುನ್ನ ಆ ಊರಿನಲ್ಲಿ ಅರ್ಧ ಗಂಟೆ ನಡೆದು ನಿಮ್ಮ ಆರು ಕರಡು ಹಾಕಿಕೊಳ್ಳಿ. ಅವು ಚೆನ್ನಾಗಿರಬೇಕೆಂದಿಲ್ಲ. ಅವುಗಳನ್ನೇ ಮಕ್ಕಳಿಗೆ ತೋರಿಸಿ, ಯಾವುದನ್ನು ಏಕೆ ಆಯ್ದುಕೊಂಡಿರಿ ಎಂದು ಹೇಳಿ. ಬಳಿಕ ಮಗುವಿನ ಹಾಳೆಯ ಮುಂದೆ ನಿಂತಾಗ ‘ಏನು ಬಿಟ್ಟಿದ್ದೀಯ?’ ಎಂದು ಕೇಳುವ ಮೊದಲು ‘ಎಲ್ಲಿಂದ ನೋಡಿದೆ?’ ಎಂದು ಕೇಳಿ.